ಯಂತ್ರ ಬಂದಿಳಿದ ಮೇಲೆ

ಮಾನ್ಯರೇ,

ಹಿಂದಿನ ಸಂಚಿಕೆಯ ಕ್ಯಾನ್ಸರ್ ಲೇಖನವನ್ನು ಓದಿದ ನೀವು, ಸಿರಿವಂತ ರಾಷ್ಟ್ರಗಳು ಬಡ ರಾಷ್ಟ್ರಗಳಿಗೆ ಒಂದೊಂದು ವಿಕಿರಣ ಚಿಕಿತ್ಸಾ ಯಂತ್ರವನ್ನು ಕೊಟ್ಟರೆ ಸಾಲದೇ, ಸಮಾವೇಶ ಒಪ್ಪಂದಗಳೆಂದು ಕಾಲ ಕಳೆಯುವುದೇಕೆ ಎಂದು ಕೇಳಿದ್ದೀರಿ. ಸಮಾವೇಶಗಳ ಬಗೆಗಿನ ನಿಮ್ಮ ಬೇಸರದಲ್ಲಿ ನಮಗೂ ಪಾಲಿದೆ. ಯಂತ್ರದ ಮಾತನ್ನು ಮಾತ್ರ ಒಪ್ಪಲಾರೆವು.

ಉಗಾಂಡದಲ್ಲಿ ಆದದ್ದನ್ನು ನೋಡಿ. ಕಂಪಾಲಾದ ಮುಲಾಗೊ ಆಸ್ಪತ್ರೆಯಲ್ಲಿ ಇಡೀ ದೇಶಕ್ಕೆ ಒಂದೇ ಎಂಬಂತಿದ್ದ, ಕೋಬಾಲ್ಟ್-60 ಎಂಬ ವಿಕಿರಣಶೀಲ ಲೋಹದಿಂದ ವಿಕಿರಣ ಕೊಡುವ ಕೋಬಾಲ್ಟ್ ಯಂತ್ರ 2016ರಲ್ಲಿ ರಿಪೇರಿಗೂ ಒದಗದಂತೆ ಕೆಟ್ಟು ನಿಂತಿತು. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ನೆರವಿನಿಂದ ಬಂದ ಹೊಸ ಯಂತ್ರದ ಉದ್ಘಾಟನೆ ನಡೆದದ್ದು 2018ರ ಜನವರಿಯಲ್ಲಿ. ಯಂತ್ರವೆಂಬುದು ಒಮ್ಮೆ ಇಟ್ಟರೆ ಮುಗಿಯುವ ವಸ್ತುವಲ್ಲ. ಕೋಬಾಲ್ಟ್-60ರ ಶಕ್ತಿ ಐದು ವರ್ಷ ಮೂರು ತಿಂಗಳಲ್ಲಿ ಅರ್ಧಕ್ಕಿಳಿಯುವುದರಿಂದ, ಅದೇ ಪ್ರಮಾಣದ ವಿಕಿರಣ ಕೊಡಲು ರೋಗಿಯನ್ನು ಎರಡರಷ್ಟು ಹೊತ್ತು ಮಲಗಿಸಬೇಕಾಗುತ್ತದೆ, ಸರದಿ ಬೆಳೆಯುತ್ತದೆ, ಕೊನೆಗೆ ಒಳಗಿನ ಕೋಬಾಲ್ಟನ್ನೇ ಬದಲಿಸಬೇಕಾಗುತ್ತದೆ. ವಿದ್ಯುತ್ತಿನಿಂದಲೇ ವಿಕಿರಣ ಹೊರಡಿಸುವ ಲೀನಿಯರ್ ಆಕ್ಸಿಲರೇಟರ್ ಯಂತ್ರವಾದರೆ ಕೈಕೊಡದ ವಿದ್ಯುತ್ತು, ತಂಪುಗೊಳಿಸುವ ವ್ಯವಸ್ಥೆ ಮತ್ತು ಕರೆದಾಗ ಬರುವ ಎಂಜಿನಿಯರ್ ಬೇಕು. ಪ್ರಮಾಣವನ್ನು ಲೆಕ್ಕ ಹಾಕುವ ವೈದ್ಯಕೀಯ ಭೌತವಿಜ್ಞಾನಿಯೂ, ಅದಕ್ಕೂ ಮೊದಲು ಗಡ್ಡೆ ಯಾವುದೆಂದು ಹೇಳುವ ಪೆಥಾಲಜಿಸ್ಟ್‌ ಕೂಡ ಇಲ್ಲದ ಕಡೆ ದಾನದ ಯಂತ್ರ ಬರಿಯ ಪೀಠೋಪಕರಣ. ಆದ್ದರಿಂದಲೇ ಅದೇ ಸಂಸ್ಥೆ 2022ರಲ್ಲಿ ಆರಂಭಿಸಿದ 'ರೇಸ್ ಆಫ್ ಹೋಪ್' (ಭರವಸೆಯ ಕಿರಣಗಳು) ಕಾರ್ಯಕ್ರಮದಲ್ಲಿ ಉಪಕರಣದ ಜೊತೆಗೆ ತರಬೇತಿಯನ್ನೂ ಸೇರಿಸಿಕೊಂಡಿದೆ.

ಮಕ್ಕಳ ಕ್ಯಾನ್ಸರಿನಲ್ಲಿ ಇದು ಇನ್ನೂ ಸ್ಪಷ್ಟ. ಸಿರಿವಂತ ದೇಶಗಳಲ್ಲಿ ಶೇ 80ಕ್ಕೂ ಹೆಚ್ಚು ಮಕ್ಕಳು ಗುಣವಾಗುತ್ತಾರೆ. ಅನೇಕ ಬಡ ದೇಶಗಳಲ್ಲಿ ಶೇ 30 ಕೂಡ ಇಲ್ಲ. ಬೇಕಾದ ಔಷಧಗಳಲ್ಲಿ ಹೆಚ್ಚಿನವು ದಶಕಗಳಷ್ಟು ಹಳೆಯವು. ರೋಗ ತಡವಾಗಿ ಪತ್ತೆಯಾಗುವುದು, ನಡುವೆ ಔಷಧ ಮುಗಿದುಹೋಗುವುದು, ಸೋಂಕು, ಬಸ್ಸಿನ ಖರ್ಚಿಗೂ ಇಲ್ಲದೆ ಮನೆಯವರು ಚಿಕಿತ್ಸೆಯನ್ನು ಅರ್ಧಕ್ಕೇ ಬಿಡುವುದು, ಇವೇ ಮಗುವನ್ನು ಕೊಲ್ಲುತ್ತವೆ. ಸಣ್ಣ ದೇಶವೊಂದು ಕೆಲವೇ ಮಕ್ಕಳಿಗೆಂದು ಔಷಧ ಕೊಳ್ಳಹೊರಟರೆ ಮಾರುವವರಿಗೂ ಆಸಕ್ತಿಯಿರದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಮೆರಿಕದ ಸೇಂಟ್ ಜೂಡ್ ಆಸ್ಪತ್ರೆ 2021ರಲ್ಲಿ ಪ್ರಕಟಿಸಿದ ಯೋಜನೆ ಹಲವು ದೇಶಗಳ ಬೇಡಿಕೆಯನ್ನು ಒಟ್ಟುಗೂಡಿಸಿ ಕೊಳ್ಳುತ್ತದೆ. 2025ರಲ್ಲಿ ಮಂಗೋಲಿಯಾ, ಉಜ್ಬೇಕಿಸ್ತಾನಗಳಿಗೆ ಮೊದಲ ಔಷಧಗಳು ತಲುಪಿದವು. ನಿಮಗೆ ಬೇಸರ ತರಿಸುವ ಸಮಾವೇಶಗಳಿಂದ ಒಮ್ಮೊಮ್ಮೆ ಇಂಥದ್ದೂ ಹುಟ್ಟುತ್ತದೆ.

ಪತ್ರದ ಕೊನೆಯಲ್ಲಿ, ಚಿಕಿತ್ಸೆಯ ಬದಲು ಲಸಿಕೆಗೇ ಹಣ ಹಾಕಬಾರದೇ ಎಂದಿದ್ದೀರಿ. ಗರ್ಭಕಂಠದ ಕ್ಯಾನ್ಸರಿನ ಮಟ್ಟಿಗೆ ಲಸಿಕೆಯ ಬಗೆಗಿನ ನಿಮ್ಮ ವಾದ ಬಲವಾದದ್ದೇ. ರುವಾಂಡಾ 2011ರಲ್ಲೇ ಅದನ್ನು ಬಾಲಕಿಯರಿಗೆ ದೇಶವ್ಯಾಪಿಯಾಗಿ ಕೊಡತೊಡಗಿತು. ಆದರೆ ಇಂದು ಲಸಿಕೆ ಪಡೆದ ಬಾಲಕಿಗೆ ಅದರ ಫಲ ಸಿಗುವುದು ದಶಕಗಳ ಮೇಲೆ. ಆಕೆಯ ತಾಯಿ ಈಗಾಗಲೇ ಆಸ್ಪತ್ರೆಯ ಸರದಿಯಲ್ಲಿ ನಿಂತಿರಬಹುದು.

-ಸಂಪಾದಕ