ಆಹಾರ ವ್ಯವಸ್ಥೆಯನ್ನು ಪದವಿಯಲ್ಲಿ ಓದಬೇಕೆಂದರೆ

ಪ್ರಶ್ನೆ: ನಾನು ದ್ವಿತೀಯ ಪಿಯುಸಿಯಲ್ಲಿ ಪಿಸಿಎಂಬಿ ಓದುತ್ತಿದ್ದೇನೆ. ನಮ್ಮ ಮನೆಯವರು ಮಾವು, ಟೊಮೆಟೊ ಬೆಳೆಯುತ್ತಾರೆ. ವಿದೇಶಗಳಲ್ಲಿ ‘ಸುಸ್ಥಿರ ಆಹಾರ ವ್ಯವಸ್ಥೆ’ ಎಂಬ ಹೆಸರಿನಲ್ಲೇ ಪದವಿ ಇದೆಯೆಂದು ತಿಳಿಯಿತು. ಅದರಲ್ಲಿ ಏನನ್ನು ಕಲಿಸುತ್ತಾರೆ? ನಮ್ಮ ರಾಜ್ಯದಲ್ಲಿ ಅಂಥ ಪದವಿ ಇಲ್ಲದಿದ್ದರೆ ನಾನು ಯಾವುದನ್ನು ಆರಿಸಿಕೊಳ್ಳಬೇಕು?
– ವಿದ್ಯಾರ್ಥಿನಿ, ಶ್ರೀನಿವಾಸಪುರ

ಉತ್ತರ: ಆಹಾರ ತಟ್ಟೆಗೆ ಬರುವ ಮೊದಲು ನಡೆಯುವುದನ್ನೂ ತಟ್ಟೆಯಿಂದ ಹೊರಗೆ ಹೋದ ಮೇಲೆ ಆಗುವುದನ್ನೂ ಸೇರಿಸಿ ಒಂದೇ ವಿಷಯವಾಗಿ ಓದುವುದು ಈ ಪದವಿಯ ಉದ್ದೇಶ. ಬೀಜ, ಮಣ್ಣು, ನೀರು, ಕೊಯ್ಲು, ಸಾಗಣೆ, ಮಂಡಿ, ಸಂಸ್ಕರಣೆ, ಅಡುಗೆಮನೆ, ಉಳಿದು ಎಸೆಯುವ ಆಹಾರ, ಇವನ್ನೆಲ್ಲ ಬೇರೆ ಬೇರೆ ವಿಭಾಗಗಳು ತಮ್ಮ ತಮ್ಮ ಪಾಡಿಗೆ ಕಲಿಸುತ್ತಿದ್ದುದರಿಂದ ಇವುಗಳ ನಡುವಿನ ಸಂಬಂಧಗಳು ಯಾರ ಪಾಠದಲ್ಲೂ ಬರುತ್ತಿರಲಿಲ್ಲ. ಆ ಕೊರತೆಯನ್ನು ತುಂಬಲು ಈ ಅಧ್ಯಯನ ಬೆಳೆಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ 2011ರಲ್ಲಿ ‘ಸುಸ್ಥಿರ ಕೃಷಿ ಮತ್ತು ಆಹಾರ ವ್ಯವಸ್ಥೆ’ ಎಂಬ ಪದವಿ ಆರಂಭವಾಯಿತು. ಅಲ್ಲಿನ ವಿದ್ಯಾರ್ಥಿಗಳು ಕೃಷಿ ಮತ್ತು ಪರಿಸರ, ಆಹಾರ ಮತ್ತು ಸಮಾಜ, ಅರ್ಥಶಾಸ್ತ್ರ ಮತ್ತು ನೀತಿ ಎಂಬ ಮೂರು ದಾರಿಗಳಲ್ಲಿ ಒಂದನ್ನು ಹಿಡಿದು ಮುಂದುವರಿಯುತ್ತಾರೆ. ವಿದ್ಯಾರ್ಥಿಗಳೇ ದುಡಿಯುವ ಒಂದು ಹೊಲ 1977ರಿಂದಲೂ ಅಲ್ಲಿದೆ. ನನ್ನ ದೃಷ್ಟಿಯಲ್ಲಿ ಆ ಪದವಿಯ ಜೀವಾಳ ಪಠ್ಯಪಟ್ಟಿಗಿಂತ ಹೆಚ್ಚಾಗಿ ಆ ಹೊಲದಲ್ಲಿದೆ.

ಈ ವಿಷಯಕ್ಕೆ ಇಷ್ಟು ಮಹತ್ವ ಬಂದಿರುವುದಕ್ಕೆ ಬಲವಾದ ಕಾರಣಗಳಿವೆ. ಮನುಷ್ಯರಿಂದ ವಾತಾವರಣ ಸೇರುವ ಹಸಿರುಮನೆ ಅನಿಲಗಳಲ್ಲಿ ಸುಮಾರು ಮೂರನೇ ಒಂದು ಭಾಗ ಆಹಾರಕ್ಕೆ ಸಂಬಂಧಿಸಿದ ಚಟುವಟಿಕೆಗಳಿಂದಲೇ ಬರುತ್ತದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ 2022ರಲ್ಲಿ ಮನೆ, ಹೋಟೆಲು, ಅಂಗಡಿಗಳಲ್ಲಿ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್. ಅಂದರೆ ಗ್ರಾಹಕರಿಗೆ ದೊರೆಯುವ ಆಹಾರದಲ್ಲಿ ಶೇ 19ರಷ್ಟು.

ಆದರೆ ಇದನ್ನು ಅರ್ಥ ಮಾಡಿಕೊಳ್ಳಲು ನೀವು ಡೇವಿಸ್‌ವರೆಗೆ ಹೋಗಬೇಕಾಗಿಲ್ಲ. ನಿಮ್ಮ ಮನೆಯ ಟೊಮೆಟೊವನ್ನೇ ಹಿಂಬಾಲಿಸಿ. ಅದಕ್ಕೆ ನೀರು ಎಲ್ಲಿಂದ ಬರುತ್ತದೆ? ಕೋಲಾರ ಜಿಲ್ಲೆಯಲ್ಲಿ ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಹೊಸತಲ್ಲ. 2018ರ ಜೂನ್‌ನಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ಮೊದಲು ಲಕ್ಷ್ಮೀಸಾಗರ ಕೆರೆಗೆ, ಅಲ್ಲಿಂದ ಮುಂದಿನ ಕೆರೆಗಳಿಗೆ ಹರಿಸಲಾಗುತ್ತಿದೆ. ಕೆರೆ ತುಂಬಿದ ಆಸುಪಾಸಿನಲ್ಲಿ ಕೊಳವೆಬಾವಿಗಳಿಗೆ ಮತ್ತೆ ಜೀವ ಬಂದಿತು. ಉಳಿದ ಕಲ್ಮಶವನ್ನೂ ತೆಗೆಯುವ ಮೂರನೇ ಹಂತದ ಶುದ್ಧೀಕರಣವಿಲ್ಲದೆ ಈ ನೀರನ್ನು ಬಿಡಬಾರದೆಂದು ಜಿಲ್ಲೆಯಲ್ಲಿ ಹೋರಾಟವೂ ನಡೆಯಿತು, ಪ್ರಕರಣ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಬೆಂಗಳೂರು ಬಳಸಿ ಬಿಟ್ಟ ನೀರು ಕೋಲಾರದ ನೆಲಕ್ಕೆ ಇಂಗಿ, ಟೊಮೆಟೊ ಆಗಿ ಮತ್ತೆ ಬೆಂಗಳೂರಿನ ಅಡುಗೆಮನೆ ಸೇರುವ ಈ ಸುತ್ತಿನಲ್ಲಿ ಜಲವಿಜ್ಞಾನ, ಮಣ್ಣಿನ ರಸಾಯನಶಾಸ್ತ್ರ, ಸಾರ್ವಜನಿಕ ಆರೋಗ್ಯ, ಕಾನೂನು ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿವೆ.

ಮುಂದೆ ಬೆಳೆಗೆ ಬನ್ನಿ. ಬಿಳಿನೊಣದಿಂದ ಹರಡುವ ಎಲೆ ಮುದುಡು ರೋಗಕ್ಕೆ ಹೆದರಿ ರೈತರು ಮೇಲಿಂದ ಮೇಲೆ ಔಷಧಿ ಹೊಡೆಯುತ್ತಾರೆ. ಖರ್ಚು ಏರುತ್ತದೆ, ಹಣ್ಣಿನಲ್ಲಿ ಕೀಟನಾಶಕದ ಅಂಶ ಉಳಿಯುವ ಅಪಾಯವೂ ಹೆಚ್ಚುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ‘ಅರ್ಕಾ ರಕ್ಷಕ್’ ತಳಿ ಎಲೆ ಮುದುಡು, ಸೊರಗು ರೋಗ, ಅಂಗಮಾರಿ ಮೂರನ್ನೂ ತಡೆದುಕೊಳ್ಳುತ್ತದೆ. ಹಣ್ಣು ಕಿತ್ತು 15 ಕೆ.ಜಿ. ಬಾಕ್ಸ್‌ಗಳಲ್ಲಿ ತುಂಬಿ ಕೋಲಾರದ ಎಪಿಎಂಸಿಗೆ ಒಯ್ದ ಮೇಲೆ ಇನ್ನೊಂದು ಲೋಕ ತೆರೆದುಕೊಳ್ಳುತ್ತದೆ. ಬೀಜ, ಗೊಬ್ಬರಕ್ಕೆಂದು ಮಂಡಿಯವರಿಂದ ಮುಂಗಡ ಪಡೆದ ರೈತ ಅದೇ ಮಂಡಿಗೆ ಮಾಲು ಹಾಕಬೇಕಾಗುತ್ತದೆ. ಹರಾಜಿನಲ್ಲಿ ಎಷ್ಟಕ್ಕೆ ನಿಂತರೆ ಅಷ್ಟೇ ಬೆಲೆ. 2023ರ ಜುಲೈನಲ್ಲಿ ಚಿಲ್ಲರೆ ಅಂಗಡಿಗಳಲ್ಲಿ ಕಿಲೋ ಟೊಮೆಟೊ ನೂರು ರೂಪಾಯಿ ದಾಟಿತ್ತು. ಬೆಲೆ ಕುಸಿದ ವರ್ಷಗಳಲ್ಲಿ ಇದೇ ಹಣ್ಣು ರಸ್ತೆ ಬದಿಯಲ್ಲಿ ಸುರಿಯಲ್ಪಟ್ಟಿದೆ. ಆಗೆಲ್ಲ ಕೆಚಪ್ ಕಾರ್ಖಾನೆ ಬರಲಿ ಎಂಬ ಬೇಡಿಕೆ ಏಳುತ್ತದೆ. ಆದರೆ ಅಡುಗೆಗೆಂದು ಬೆಳೆಯುವ ತಳಿಗಳಲ್ಲಿ ನೀರು ಹೆಚ್ಚು, ಘನಾಂಶ ಕಡಿಮೆ. ಕಾರ್ಖಾನೆಗೆ ಬೇಕಾದ ತಳಿಯೇ ಬೇರೆ. ಬೆಳೆ ವಿಜ್ಞಾನ ಓದಿದವರಿಗೆ ಮಾರುಕಟ್ಟೆ ತಿಳಿಯದೆ, ಮಾರುಕಟ್ಟೆ ಬಲ್ಲವರಿಗೆ ಸಂಸ್ಕರಣೆ ತಿಳಿಯದೆ ಹೋದಾಗ ಇಂಥ ಬೇಡಿಕೆಗಳು ಕಾಗದದ ಮೇಲೆಯೇ ಉಳಿಯುತ್ತವೆ.

ಇನ್ನು ನಮ್ಮ ರಾಜ್ಯದ ಮಾತು. ಕರ್ನಾಟಕದ ಕೃಷಿ ವಿಶ್ವವಿದ್ಯಾಲಯಗಳಲ್ಲಿ ‘ಆಹಾರ ವ್ಯವಸ್ಥೆ’ ಎಂಬ ಹೆಸರಿನ ಪದವಿ ಇಲ್ಲ. ಅದರ ಭಾಗಗಳು ಬೇರೆ ಬೇರೆ ಪದವಿಗಳಲ್ಲಿ ಹಂಚಿಹೋಗಿವೆ. ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗದ ವಿಶ್ವವಿದ್ಯಾಲಯಗಳಲ್ಲಿ ಬಿ.ಎಸ್‌ಸಿ. (ಆನರ್ಸ್) ಕೃಷಿ ಇದೆ. ತೋಟಗಾರಿಕೆಗೆ ಬಾಗಲಕೋಟೆಯಲ್ಲಿ ಪ್ರತ್ಯೇಕ ವಿಶ್ವವಿದ್ಯಾಲಯವೇ ಇದೆ. ಪೌಷ್ಟಿಕತೆ ಮತ್ತು ಕುಟುಂಬದ ಕಡೆಯಿಂದ ಆಹಾರವನ್ನು ನೋಡಬಯಸುವವರಿಗೆ ಧಾರವಾಡದಲ್ಲಿ ಸಮುದಾಯ ವಿಜ್ಞಾನ ಪದವಿ ಇದೆ. ಹಿಂದೆ ಗೃಹ ವಿಜ್ಞಾನ ಎನ್ನುತ್ತಿದ್ದುದು ಇದನ್ನೇ. ಆ ಹಳೆಯ ಹೆಸರಿನಿಂದಾಗಿ ಇದು ಹೆಣ್ಣುಮಕ್ಕಳ ಅಡುಗೆ ಪಾಠವೆಂದು ಇಂದಿಗೂ ತಾತ್ಸಾರ ಮಾಡುವವರಿದ್ದಾರೆ. ಅದು ಶುದ್ಧ ಅಜ್ಞಾನ. ಇವಲ್ಲದೆ ಆಹಾರ ತಂತ್ರಜ್ಞಾನ, ಡೇರಿ ತಂತ್ರಜ್ಞಾನ, ಕೃಷಿ ಎಂಜಿನಿಯರಿಂಗ್, ಕೃಷಿ ವ್ಯವಹಾರ ನಿರ್ವಹಣೆಯ ಪದವಿಗಳೂ ಇವೆ.

ನಿಮಗೆ ನನ್ನ ಸಲಹೆ ಬಿ.ಎಸ್‌ಸಿ. ಕೃಷಿ ಅಥವಾ ತೋಟಗಾರಿಕೆ. ಇಡೀ ಸರಪಳಿಯನ್ನು ಮೇಲುಮೇಲೆ ತಿಳಿದುಕೊಳ್ಳುವುದಕ್ಕಿಂತ ಅದರ ಒಂದು ಕೊಂಡಿಯನ್ನು ಆಳವಾಗಿ ಕಲಿತು, ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ನಡೆಯುವುದು ಹದಿನೆಂಟರ ವಯಸ್ಸಿನಲ್ಲಿ ಹೆಚ್ಚು ಫಲಕಾರಿ ಎಂದು ನಾನು ನಂಬುತ್ತೇನೆ. ಮಣ್ಣಿನ ಪರೀಕ್ಷೆಯ ವರದಿಯನ್ನು ಓದಿ ರೈತನಿಗೆ ವಿವರಿಸಲು ಬಾರದವರು ಸುಸ್ಥಿರತೆಯ ಬಗ್ಗೆ ಎಷ್ಟು ಚೆನ್ನಾಗಿ ಬರೆದರೂ ಹಳ್ಳಿಯಲ್ಲಿ ಅದು ನಿಲ್ಲುವುದಿಲ್ಲ. ಈ ನಾಲ್ಕು ವರ್ಷಗಳ ಪದವಿಯ ಕೊನೆಯ ವರ್ಷದಲ್ಲಿ ಗ್ರಾಮೀಣ ಕೃಷಿ ಕಾರ್ಯಾನುಭವ ಶಿಬಿರ ಇರುತ್ತದೆ. ವಿದ್ಯಾರ್ಥಿಗಳು ಹಳ್ಳಿಯಲ್ಲೇ ಉಳಿದು, ದೇವಸ್ಥಾನದ ಮುಂದಿನ ಅಂಗಳದಲ್ಲೋ ಶಾಲೆಯ ಮೈದಾನದಲ್ಲೋ ಊರಿನವರನ್ನು ಕೂಡಿಸಿಕೊಂಡು ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬಿಡಿಸುತ್ತಾರೆ. ಕೆರೆ ಎಲ್ಲಿದೆ, ಯಾರ ಹೊಲಕ್ಕೆ ನೀರಿದೆ, ಯಾವ ಬೆಳೆ ಕಣ್ಮರೆಯಾಯಿತು ಎಂಬುದನ್ನು ಊರಿನವರೇ ತಿದ್ದಿ ಹೇಳುತ್ತಾರೆ. ಬಹಳ ಮಂದಿ ಅಂಕಕ್ಕಾಗಿ ಮುಗಿಸಿಬಿಡುವ ಆ ಶಿಬಿರವನ್ನು ನೀವು ಮನಸ್ಸಿಟ್ಟು ಮಾಡಿದರೆ, ಆಹಾರ ವ್ಯವಸ್ಥೆಯ ನಿಜವಾದ ಪಾಠ ಅಲ್ಲಿಯೇ ಸಿಗುತ್ತದೆ.

ಪ್ರವೇಶ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ಮೂಲಕ. ಕೃಷಿಕರ ಮಕ್ಕಳಿಗೆ ಮೀಸಲಾದ ಸೀಟುಗಳಿಗೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ಇದೆ. ಬೀಜ, ಗೊಬ್ಬರ, ಕೀಟ, ಉಪಕರಣಗಳನ್ನು ಮುಂದಿಟ್ಟು ಗುರುತಿಸಲು ಹೇಳುತ್ತಾರೆ. ಅದಕ್ಕೆ ಬೇಕಾದ ದಾಖಲೆಗಳನ್ನು ಅರ್ಜಿ ಕರೆಯುವ ಮೊದಲೇ ಹೊಂದಿಸಿಟ್ಟುಕೊಳ್ಳಿ. ಪದವಿಗಾಗಿಯೇ ಸಾಲ ಮಾಡಿ ವಿದೇಶಕ್ಕೆ ಹೋಗುವುದನ್ನು ನಾನು ಒಪ್ಪುವುದಿಲ್ಲ. ಸ್ನಾತಕೋತ್ತರ ಹಂತದಲ್ಲಿ, ನಿಮ್ಮದೇ ಒಂದು ಪ್ರಶ್ನೆ ಗಟ್ಟಿಯಾದ ಮೇಲೆ, ವಿದ್ಯಾರ್ಥಿವೇತನಕ್ಕೆ ಪ್ರಯತ್ನಿಸಿ ಹೋಗುವುದು ಮೇಲು.

ಪ್ರಶ್ನೆ: ಮಗ ಬಿ.ಎಸ್‌ಸಿ. ಕೃಷಿಗೆ ಸೇರುತ್ತೇನೆಂದು ಹಟ ಹಿಡಿದಿದ್ದಾನೆ. ಎಂಜಿನಿಯರಿಂಗ್ ಬಿಟ್ಟು ಇದನ್ನು ಓದಿದರೆ ಕೆಲಸ ಸಿಗುತ್ತದೆಯೇ?
– ಪೋಷಕರು, ರಾಣೆಬೆನ್ನೂರು

ಉತ್ತರ: ಮಾನ್ಯರೆ, ಸರ್ಕಾರಿ ಹುದ್ದೆಯೊಂದನ್ನೇ ನೆಚ್ಚಿಕೊಂಡರೆ ನಿರಾಶೆ ಆಗಬಹುದು. ಕೃಷಿ ಅಧಿಕಾರಿ, ಸಹಾಯಕ ಕೃಷಿ ಅಧಿಕಾರಿ ಹುದ್ದೆಗಳಿಗೆ ಲೋಕಸೇವಾ ಆಯೋಗ ನೇಮಕಾತಿ ನಡೆಸುತ್ತದೆ, ಆದರೆ ಅದು ಪ್ರತಿ ವರ್ಷ ತಪ್ಪದೆ ನಡೆಯುವಂಥದ್ದಲ್ಲ. ಬ್ಯಾಂಕುಗಳ ಕೃಷಿ ಕ್ಷೇತ್ರಾಧಿಕಾರಿ ಹುದ್ದೆ, ಆಹಾರ ಸುರಕ್ಷತಾಧಿಕಾರಿ ಹುದ್ದೆಗೂ ಈ ಪದವೀಧರರು ಅರ್ಹರು. 2020ರಲ್ಲಿ ಕೇಂದ್ರ ಸರ್ಕಾರ ದೇಶದಲ್ಲಿ ರೈತರೇ ಸದಸ್ಯರಾಗಿರುವ 10,000 ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆ ತಂದಿತು. ಲೆಕ್ಕಪತ್ರ, ಖರೀದಿ, ಗುಣಮಟ್ಟ ಮೂರನ್ನೂ ಬಲ್ಲ ತರುಣರು ಸಿಗದೆ ಅಂಥ ಸಂಸ್ಥೆಗಳು ಸೊರಗುವುದುಂಟು. ಸಂಬಳ ಆರಂಭದಲ್ಲಿ ಸಾಫ್ಟ್‌ವೇರ್‌ನಷ್ಟು ಇರುವುದಿಲ್ಲ ಎಂಬುದನ್ನು ಮಗನೊಂದಿಗೆ ಈಗಲೇ ಮಾತಾಡಿಕೊಳ್ಳಿ. ಆದರೆ ತರಕಾರಿಯ ಹೈಬ್ರಿಡ್ ಬೀಜೋತ್ಪಾದನೆಗೆ ಹೆಸರಾದ ಊರಿನಲ್ಲಿರುವ ನೀವು, ಬೀಜ ಕಂಪನಿಗಳ ಕೆಲಸ ಹೇಗಿರುತ್ತದೆಂದು ಸುತ್ತಮುತ್ತಲೇ ವಿಚಾರಿಸಬಹುದು. ರಜೆಯಲ್ಲಿ ಮಗನನ್ನು ಒಂದು ಹಂಗಾಮು ಅಂಥ ಹೊಲಕ್ಕೆ ಕಳಿಸಿ. ಅವನ ಹಟ ಗಟ್ಟಿಯೋ ಅಲ್ಲವೋ ಆಗ ಇಬ್ಬರಿಗೂ ತಿಳಿಯುತ್ತದೆ.

ಪ್ರಶ್ನೆ: ನಾನು ಪಿಯುಸಿಯಲ್ಲಿ ಕಲಾ ವಿಭಾಗ ಓದಿದ್ದೇನೆ. ಆಹಾರ ವ್ಯವಸ್ಥೆಯ ಅಧ್ಯಯನ ನನಗೆ ಮುಚ್ಚಿದ ಬಾಗಿಲೇ?
– ವಿದ್ಯಾರ್ಥಿ, ತುಮಕೂರು

ಉತ್ತರ: ಕೃಷಿ ಪದವಿಗೆ ವಿಜ್ಞಾನ ವಿಭಾಗ ಕಡ್ಡಾಯ, ಆದರೆ ಆಹಾರ ವ್ಯವಸ್ಥೆಯ ಅರ್ಧ ಭಾಗ ಸಮಾಜ ವಿಜ್ಞಾನವೇ. ಅರ್ಥಶಾಸ್ತ್ರ, ಭೂಗೋಳ, ಸಮಾಜಶಾಸ್ತ್ರದಲ್ಲಿ ಬಿ.ಎ. ಮಾಡಿ. ನಿಮ್ಮ ಜಿಲ್ಲೆ ರಾಗಿ ಬೆಳೆಯುವ ಜಿಲ್ಲೆ. ಸರ್ಕಾರ ಬೆಂಬಲ ಬೆಲೆಯಲ್ಲಿ ಕೊಂಡ ರಾಗಿ ದಕ್ಷಿಣ ಕರ್ನಾಟಕದ ಪಡಿತರದಲ್ಲಿ ಹಂಚಿಕೆಯಾಗುತ್ತದೆ. ಖರೀದಿ ಕೇಂದ್ರದಲ್ಲಿ ನೋಂದಣಿ ಯಾರಿಗೆ ಸಾಧ್ಯವಾಯಿತು, ಗೇಣಿಗೆ ಉಳುವವರಿಗೆ ಆ ಬೆಲೆ ಸಿಕ್ಕಿತೇ, ನ್ಯಾಯಬೆಲೆ ಅಂಗಡಿಯಿಂದ ಒಯ್ದ ರಾಗಿ ಮನೆಯಲ್ಲಿ ಬೇಯುತ್ತಿದೆಯೇ ಅಥವಾ ಮಾರಾಟವಾಗುತ್ತಿದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಲು ಪ್ರಯೋಗಾಲಯ ಬೇಕಿಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯನ್ನು ಒಮ್ಮೆ ಪೂರ್ತಿಯಾಗಿ ಓದಿಕೊಳ್ಳಿ. ಪದವಿಯ ನಂತರ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಓದಬಹುದು. ಗುಜರಾತಿನ ಆನಂದ್ ಪಟ್ಟಣದಲ್ಲಿರುವ ಗ್ರಾಮೀಣ ನಿರ್ವಹಣಾ ಸಂಸ್ಥೆಯೂ ಯಾವುದೇ ವಿಭಾಗದ ಪದವೀಧರರಿಗೆ ಅವಕಾಶ ಕೊಡುತ್ತದೆ. ಅಲ್ಲಿನ ಪ್ರವೇಶಕ್ಕೆ ಪರಿಗಣಿಸುವ ಪರೀಕ್ಷೆಗಳಲ್ಲಿ ಇಂಗ್ಲಿಷ್ ಮತ್ತು ಗಣಿತದ ಪ್ರಶ್ನೆಗಳಿರುವುದರಿಂದ ಬಿ.ಎ. ಎರಡನೇ ವರ್ಷದಿಂದಲೇ ತಯಾರಿ ಶುರು ಮಾಡಿ.