ಅದು ಅಟ್ಲಾಸ್ ಮರಿ ಅಲ್ಲ

ಮಣಿಪಾಲದ ನಿಮ್ಮ ಮನೆ ಜಗಲಿಯಲ್ಲಿ ಕೂತ ಹಸಿರು ಪತಂಗ, ಭಾರೀ ದೊಡ್ಡದಾಗಿರುವ ಅಟ್ಲಾಸ್ ಪತಂಗದ ಮರಿಯಾ ಅಂತ ಕೇಳಿದ್ದೀರಿ. ಅಲ್ಲ. ರೆಕ್ಕೆ ಬಂದ ಮೇಲೆ ಪತಂಗ ಬೆಳೆಯುವುದೇ ಇಲ್ಲ, ಹಾಗಾಗಿ ರೆಕ್ಕೆ ಇರುವ ಮರಿ ಅಂತ ಯಾವುದೂ ಇರುವುದಿಲ್ಲ. ನೀವು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿ: ಮುಂದಿನ ರೆಕ್ಕೆ ಕಿರಿದು, ಉದ್ದ, ತುದಿ ಚೂಪು, ಮೈ ದಪ್ಪಗಿದ್ದು ಹಿಂದಕ್ಕೆ ಹೋದ ಹಾಗೆ ಮೊನಚಾಗಿದೆ, ಅಲ್ವಾ? ಅದು ಸ್ಫಿಂಜಿಡೇ ಕುಟುಂಬ, ಅಂದರೆ ಹಾಕ್ ಮಾತ್ ಎನ್ನುವ ಪತಂಗಗಳ ಗುಂಪು. ಹಸಿರಿನ ಮೇಲೆ ಬಿಳಿ, ಗುಲಾಬಿ ಪಟ್ಟೆ ಇರುವುದರಿಂದ ಓಲಿಯಾಂಡರ್ ಹಾಕ್ ಮಾತ್ ಅಂತಲೇ ಹೇಳುತ್ತೇನೆ. ಅಟ್ಲಾಸ್‌ನದ್ದು ಸ್ಯಾಟರ್ನಿಡೇ ಕುಟುಂಬ, ರೆಕ್ಕೆ ಅಗಲ, ಗಂಡು ಪತಂಗದ ತಲೆ ಮೇಲಿನ ಮೀಸೆ (ಆಂಟೆನಾ) ಹಕ್ಕಿಯ ಗರಿಯ ಹಾಗೆ. ಅಂಗಳದಲ್ಲಿ ನಂದಿಬಟ್ಟಲು ಇದ್ದರೆ ಎಲೆ ತಿರುಗಿಸಿ ನೋಡಿ. ಹಿಂದೆ ಕೊಂಬು, ಮುಂದೆ ಎರಡು ನೀಲಿ ಕಣ್ಣಿನಂಥ ಮಚ್ಚೆ ಇರುವ ಹುಳ ಸಿಕ್ಕಿದರೆ ಅದು ಈ ಓಲಿಯಾಂಡರ್ ಹಾಕ್ ಮಾತ್‌ನ ಮರಿಹುಳವೇ, ದಯವಿಟ್ಟು ಕೀಟನಾಶಕ ಹೊಡೆಯಬೇಡಿ.