ಮಹಿಳಾ ಲಕ್ರಾಸ್ ಅಂದರೆ ಹಾಕಿಯಂಥದ್ದೇ ಆಟವಾ? ಒಲಿಂಪಿಕ್ಸ್‌ನಲ್ಲಿ ಇದೆಯಾ?

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಇದೆ. ಆದರೆ ಬೆಳಗಾವಿಯಲ್ಲಿ ಹಾಕಿ ಆಡುವ ನಿಮ್ಮ ಮಗಳಿಗೆ ಮೊದಲೇ ಹೇಳಿಬಿಡಿ, ಎರಡಕ್ಕೂ ಕೋಲಿನ ನಂಟು ಮಾತ್ರ. ಲಕ್ರಾಸ್‌ನಲ್ಲಿ ಚೆಂಡು ಇರುವುದು ಕೋಲಿನ ತುದಿಯ ಬಲೆಯಲ್ಲಿ. ಓಡುವಾಗ ಅದು ಜಿಗಿದು ಬೀಳದಂತೆ ಕೋಲನ್ನು ತೊಟ್ಟಿಲು ತೂಗಿದ ಹಾಗೆ ಅತ್ತಿತ್ತ ಆಡಿಸುತ್ತಲೇ ಇರಬೇಕು. ಅದು ಕೈಗೆ ಒಗ್ಗಿತೆಂದರೆ ಅರ್ಧ ಆಟ ಬಂದಂತೆ.

ಒಲಿಂಪಿಕ್ಸ್‌ನದು ‘ಸಿಕ್ಸಸ್’ ಎಂಬ ಚಿಕ್ಕ ರೂಪ: ಗೋಲ್‌ಕೀಪರ್ ಸೇರಿ ಆರು ಜನ, 8 ನಿಮಿಷದ ನಾಲ್ಕು ಕ್ವಾರ್ಟರ್. ಚೆಂಡು ಸಿಕ್ಕ 30 ಸೆಕೆಂಡಿನೊಳಗೆ ಗೋಲಿಗೆ ಹೊಡೆಯಬೇಕು. ಗೋಲಾದರೆ ನಡುಮೈದಾನಕ್ಕೆ ಹೋಗಿ ಶುರುಮಾಡುವ ಗೊಡವೆಯೂ ಇಲ್ಲ, ಗೋಲ್‌ಕೀಪರೇ ಚೆಂಡು ಎತ್ತಿ ಎಸೆಯುತ್ತಾಳೆ. ಉಸಿರಾಡಲು ಪುರುಸೊತ್ತಿಲ್ಲ! ಮಹಿಳೆಯರ ಆಟದಲ್ಲಿ ಮೈಯಿಂದ ಡಿಕ್ಕಿ ಹೊಡೆದರೆ ಫೌಲ್.

ಒಲಿಂಪಿಕ್ಸ್‌ನಲ್ಲಿಲ್ಲದ ಆಟಗಳ ಅಂತರರಾಷ್ಟ್ರೀಯ ಕೂಟ ವರ್ಲ್ಡ್ ಗೇಮ್ಸ್‌ನಲ್ಲಿ 2017ರಲ್ಲಿ ಅಮೆರಿಕದ ಮಹಿಳೆಯರು ಗೆದ್ದರು, 2022ರಲ್ಲಿ ಕೆನಡಾದವರು. ಪುರುಷರು 1904, 1908ರಲ್ಲೇ ಒಲಿಂಪಿಕ್ ಪದಕಕ್ಕೆ ಆಡಿದ್ದರು. ಮಹಿಳೆಯರಿಗೆ 2028ರದೇ ಮೊದಲು.

1964ರ ಒಲಿಂಪಿಕ್ಸ್‌ನಲ್ಲಿ ಹಾಕಿ ಚಿನ್ನ ಗೆದ್ದ ಬಂಡು ಪಾಟೀಲರ ಊರಿನವರಿಗೆ ಹಾಕಿ ಬಿಡಿ ಎನ್ನಲಾರೆ. ಮಗಳ ಓಟ, ಪಾಸ್ ಗುರುತಿಸುವ ಕಣ್ಣು ಇಲ್ಲೂ ಕೆಲಸಕ್ಕೆ ಬರುತ್ತವೆ. ನೆಲ ನೋಡುತ್ತ ಆಡುವ ರೂಢಿಯನ್ನಷ್ಟೇ ಬಿಡಬೇಕಾದೀತು.